ಆಳ ಕಡಲಿನ ಕೆಸರಿನಲ್ಲಿ ಬಿಲ ತೋಡುವ ನೆಫ್ರಾಪ್ಸ್: ಮಕ್ಕಳ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಹೇಳಿ

ಪೊನ್ನಂಪೇಟೆ ಟೀಚರ್:
ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಈಗ ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳು, ನಾಟಿ ಮುಗಿಯುತ್ತಾ ಬಂತು. ಸಂಧಿಪದಿಗಳ ಪಾಠ ಮಾಡುತ್ತಿದ್ದಾಗ ಒಬ್ಬಳು ಕೇಳಿದಳು, "ಮಿಸ್, ಗದ್ದೆ ಏಡಿ ಬದುವಿನಲ್ಲಿ ತೂತು ಮಾಡುತ್ತದಲ್ವಾ, ಕಡಲಿನ ತಳದಲ್ಲೂ ಹಾಗೆ ಬಿಲ ತೋಡುವವು ಇದ್ದಾವಾ? ಸುತ್ತ ನೀರೇ ಇರುವಾಗ ಆ ಬಿಲ ಕುಸಿಯುವುದಿಲ್ವಾ?"

ಹುಡುಕಿದಾಗ ನೆಫ್ರಾಪ್ಸ್ ಎಂಬ ಕುಲ (ಹತ್ತಿರದ ಜಾತಿಗಳ ಗುಂಪು) ಸಿಕ್ಕಿತು. ಯುರೋಪಿನ ಕಡಲುಗಳಲ್ಲಿ ಆಳದ ಕೆಸರಿನೊಳಗೆ ಬಿಲ ಮಾಡಿಕೊಂಡು ಇರುವ ತೆಳ್ಳಗಿನ ಲಾಬ್‌ಸ್ಟರ್. ಆದರೆ ಸಿಕ್ಕಿದ್ದೆಲ್ಲಾ ಒಂದೋ ಅಡುಗೆ ವಿಷಯ, ಇಲ್ಲವೋ ಎಂಟನೇ ಕ್ಲಾಸಿನ ಮಕ್ಕಳಿಗೆ ತಲೆಗೆ ಹೋಗದ ಪೇಪರ್. ನನಗೆ ಬೇಕಾಗಿರುವುದು ಇಷ್ಟು. ಬಿಲ ಹೇಗೆ ನಿಲ್ಲುತ್ತದೆ, ಒಳಗೆ ಉಸಿರಾಟ ಹೇಗೆ, ನಮ್ಮ ಅರಬ್ಬೀ ಸಮುದ್ರದಲ್ಲಿ ಇಂಥದ್ದು ಇದೆಯಾ? ಮಂಗಳೂರು, ಕಣ್ಣೂರು ಕಡೆ ಕೆಲಸ ಮಾಡುವವರು ಇಲ್ಲಿ ಸುಮಾರು ಜನ ಇದ್ದೀರಿ. ದಯವಿಟ್ಟು ಬರೆಯಿರಿ, ಓದಿ ಹೇಳುತ್ತೇನೆ.

ಶನಿವಾರಸಂತೆ ಹುಡುಗ:
ಟೀಚರ್, ನಾನು ಮಂಗಳೂರಿನಲ್ಲಿ ಮೀನುಗಾರಿಕೆ ಓದಿದವನು. ಗೊತ್ತಿರುವಷ್ಟು ಹೇಳುತ್ತೇನೆ.

ನೆಫ್ರಾಪ್ಸ್ ಕುಲದಲ್ಲಿ ಈಗ ಬದುಕಿರುವುದು ಒಂದೇ ಜಾತಿ, ನೆಫ್ರಾಪ್ಸ್ ನಾರ್ವೆಜಿಕಸ್. ಲಿನಿಯಸ್ 1758ರಲ್ಲೇ ಇದಕ್ಕೆ ಹೆಸರು ಕೊಟ್ಟ, ಆಗ ಏಡಿಗಳ ಗುಂಪಿಗೆ ಸೇರಿಸಿದ್ದ. ಆಮೇಲೆ 1814ರಲ್ಲಿ ಲೀಚ್ ಎಂಬ ಇಂಗ್ಲಿಷ್ ವಿಜ್ಞಾನಿ ಬೇರೆ ಕುಲ ಮಾಡಿದ. ಐಸ್‌ಲ್ಯಾಂಡ್, ನಾರ್ವೆಯಿಂದ ಹಿಡಿದು ಕೆಳಗೆ ಮೊರಾಕ್ಕೊವರೆಗೆ, ಮೆಡಿಟರೇನಿಯನ್ ಕಡಲಿನಲ್ಲೂ ಸಿಗುತ್ತದೆ. ಸ್ಕಾಟ್ಲೆಂಡಿನ ಕೆಲವು ಕೊಲ್ಲಿಗಳಲ್ಲಿ 20 ಮೀಟರ್ ನೀರಿನಲ್ಲೇ ಇದೆ, ಬೇರೆ ಕಡೆ 800 ಮೀಟರ್‌ವರೆಗೂ ಇಳಿಯುತ್ತದೆ. ಅಂದರೆ ಅದಕ್ಕೆ ಮುಖ್ಯ ಆಳ ಅಲ್ಲ, ಕೆಸರು.

ಬಿಲ ಯಾಕೆ ಕುಸಿಯುವುದಿಲ್ಲ ಅನ್ನುವುದಕ್ಕೂ ಉತ್ತರ ಅದೇ ಕೆಸರಿನಲ್ಲಿದೆ. ಬರೀ ಮರಳಿನಲ್ಲಿ ತೋಡಿದರೆ ನಿಲ್ಲುವುದಿಲ್ಲ. ನುಣ್ಣನೆಯ ಹೂಳು ಮತ್ತು ಜೇಡಿ ಸರಿಯಾಗಿ ಬೆರೆತಿರಬೇಕು, ಆಗ ಕಣಗಳು ಒಂದಕ್ಕೊಂದು ಅಂಟಿಕೊಂಡು ಗೋಡೆ ನಿಲ್ಲುತ್ತದೆ. ಅಷ್ಟು ಕೆಳಗೆ ಅಲೆಯ ಹೊಡೆತವೂ ಇಲ್ಲ. ಹಾಗಾಗಿ ಕಡಲ ತಳದಲ್ಲಿ ಎಲ್ಲಿ ಇಂಥ ಕೆಸರಿನ ಹಾಸು ಇದೆಯೋ ಅಲ್ಲಿ ಮಾತ್ರ ಇವು, ನಡುವೆ ಮರಳು ಅಥವಾ ಬಂಡೆ ಬಂದರೆ ಅಲ್ಲಿ ಇಲ್ಲ. ಬೆಳೆದ ಪ್ರಾಣಿ ಒಂದು ಕೆಸರಿನ ಹಾಸಿನಿಂದ ಇನ್ನೊಂದಕ್ಕೆ ವಲಸೆ ಹೋಗುವುದೂ ಇಲ್ಲ.

ಬಿಲ ಮೇಲಿನಿಂದ 20-30 ಸೆಂಟಿಮೀಟರ್ ಕೆಳಗೆ ಇಳಿಯುತ್ತದೆ. ಮುಂದಿನ ಬಾಗಿಲು ಅರ್ಧಚಂದ್ರದ ಆಕಾರ, ಇಳಿಜಾರಾಗಿ ಒಳಗೆ ಹೋಗುತ್ತದೆ. ಹಿಂದೆ ಎಲ್ಲಾದರೂ ಒಂದು ಸಣ್ಣ ತೂತು ನೇರ ಮೇಲಕ್ಕೆ ಬಂದಿರುತ್ತದೆ. ಉಸಿರಾಟದ್ದು ಮುಂದೆ ಬರೆಯುತ್ತೇನೆ, ಈಗ ಸ್ವಲ್ಪ ಕೆಲಸ ಇದೆ.

ಕಾಫಿ ಗಿಡ:
ಫೋಟೋ ಇದ್ದರೆ ಹಾಕಿ ಮಾರಾಯ್ರೇ, ಓದಿದ್ದು ಕಣ್ಣಿಗೆ ಕಟ್ಟುತ್ತಿಲ್ಲ.

ಗೋಣಿಕೊಪ್ಪ ಕುಕ್:
ನಾನು ಕ್ರೂಸ್ ಹಡಗಿನ ಕಿಚನ್‌ನಲ್ಲಿ ಕೆಲಸ ಮಾಡಿದ್ದೆ, ಇದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅಲ್ಲಿ ಲ್ಯಾಂಗುಸ್ಟೀನ್ ಅಂತ ಕರೆಯುತ್ತಾರೆ. ಬಣ್ಣ ಹಸಿಯಲ್ಲೇ ತಿಳಿ ಕಿತ್ತಳೆ, ಬೇಯಿಸಿದ ಮೇಲೆ ಆದದ್ದಲ್ಲ. ಉದ್ದ ಒಂದು ಗೇಣು. ಮುಂದಿನ ಎರಡು ಕಚ್ಚೋ ಕಾಲು ತೆಳ್ಳಗೆ, ಉದ್ದಕ್ಕೆ, ಅದರ ಅಂಚಿನುದ್ದಕ್ಕೂ ಸಾಲಾಗಿ ಮುಳ್ಳು. ಬರಿಗೈಯಲ್ಲಿ ಸುಲಿದರೆ ಬೆರಳು ಕೀರಿ ಹೋಗುತ್ತದೆ. ಕಣ್ಣು ದೊಡ್ಡದು, ಕಪ್ಪು, ಹೊಳೆಯುತ್ತಾ ಇರುತ್ತದೆ, ಹುರುಳಿಕಾಯಿ ಬೀಜದ ಆಕಾರ.

ಮಾಂಸ ಇರುವುದೆಲ್ಲಾ ಬಾಲದಲ್ಲಿ. ಜೀವ ಹೋದ ಮೇಲೆ ತಡ ಮಾಡಿದರೆ ಬಾಲದ ಮಾಂಸ ಹಿಟ್ಟಾಗುತ್ತದೆ, ತಲೆಯ ಹತ್ತಿರ ಕಪ್ಪು ಕಲೆ ಬರುತ್ತದೆ. ಅದಕ್ಕೇ ಬೋಟಿನಲ್ಲೇ ಸಲ್ಫೈಟ್ ನೀರಿನಲ್ಲಿ ಅದ್ದಿ ಐಸ್ ಹಾಕುತ್ತಾರೆ. ಬೋನು ಇಟ್ಟು ಜೀವಂತ ಹಿಡಿದದ್ದಕ್ಕೆ ರೇಟ್ ಜಾಸ್ತಿ, ಸ್ಕಾಟ್ಲೆಂಡಿನಿಂದ ಸ್ಪೇನ್, ಫ್ರಾನ್ಸ್‌ಗೆ ಜೀವಂತವಾಗಿಯೇ ಹೋಗುತ್ತದೆ. ಒಂದೊಂದನ್ನು ಬೇರೆ ಬೇರೆ ಖಾನೆಯಲ್ಲಿ ಇಟ್ಟಿರುತ್ತಾರೆ, ಒಟ್ಟಿಗೆ ಹಾಕಿದರೆ ಕಚ್ಚಾಡಿ ಕಾಲು ಮುರಿದುಕೊಳ್ಳುತ್ತವೆ. ಬೇಯಿಸುವುದು ಎರಡು ಮೂರು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ತಲೆ ಬಿಸಾಡುವುದಿಲ್ಲ, ಸ್ಟಾಕ್‌ಗೆ ಹೋಗುತ್ತದೆ.

ಹಾಕತ್ತೂರು:
ಇದೇ ಅಲ್ವಾ ಸ್ಕಾಂಪಿ ಅನ್ನುವುದು? ಅದು ನಮ್ಮ ಕಡೆಯೂ ಕೆರೆಯಲ್ಲಿ ಸಾಕುತ್ತಾರಲ್ಲ. ನಮ್ಮ ದೊಡ್ಡಪ್ಪನ ಮಗ ಆಂಧ್ರಕ್ಕೆ ಹೋಗಿ ನೋಡಿ ಬಂದಿದ್ದಾನೆ.

ಗೋಣಿಕೊಪ್ಪ ಕುಕ್:
ಅಲ್ಲ ಅಣ್ಣ, ಎರಡೂ ಬೇರೆ. ನಮ್ಮ ದೇಶದಲ್ಲಿ ಆ ಹೆಸರಿನಲ್ಲಿ ಕೆರೆಯಲ್ಲಿ ಸಾಕುವುದು ದೊಡ್ಡ ಸಿಹಿನೀರಿನ ಸಿಗಡಿ, ಮ್ಯಾಕ್ರೊಬ್ರೇಕಿಯಂ. ನೀಲಿ ಕಾಲಿನದು. ಅದು ಬಿಲದ ಪ್ರಾಣಿ ಅಲ್ಲ, ಕಡಲಿನ ಆಳಕ್ಕೂ ಅದಕ್ಕೂ ಸಂಬಂಧ ಇಲ್ಲ. ಹೋಟೆಲ್ ಮೆನುವಿನಲ್ಲಿ ಎರಡಕ್ಕೂ ಒಂದೇ ಹೆಸರು ಬರೆದು ದುಡ್ಡು ಎಳೆಯುವವರಿದ್ದಾರೆ, ಕೇಳಿ ತಿಳಿದುಕೊಂಡು ಆರ್ಡರ್ ಮಾಡಿ.

ತೋಟದ ಕೆಲಸ:
ಟೀಚರ್ ಬೇಸರ ಮಾಡಿಕೊಳ್ಳಬೇಡಿ. ಇಲ್ಲಿ ಸಿದ್ದಾಪುರ ಕಡೆ ಬೆಳಗಾದರೆ ತೋಟಕ್ಕೆ ಹೋಗುವುದಕ್ಕೆ ಹೆದರಿಕೆ, ಆನೆ ಯಾವ ಗಿಡದ ಹಿಂದೆ ನಿಂತಿದೆಯೋ ಗೊತ್ತಿಲ್ಲ. ನಮ್ಮ ಮಕ್ಕಳಿಗೆ ಆನೆ ಬಂದರೆ ಏನು ಮಾಡಬೇಕು ಅಂತ ಹೇಳಿಕೊಡುವುದು ಬಿಟ್ಟು ನಾರ್ವೆಯ ಸಿಗಡಿ ಬಿಲ ಯಾಕೆ?

ಪೊನ್ನಂಪೇಟೆ ಟೀಚರ್:
ಆನೆ ವಿಷಯವೂ ಹೇಳುತ್ತೇವೆ ಅಣ್ಣ, ಅದನ್ನು ಬಿಟ್ಟಿಲ್ಲ. ಆದರೆ ಮಗು ತಾನಾಗಿ ಒಂದು ಪ್ರಶ್ನೆ ಕೇಳಿದಾಗ "ಅದು ನಮಗೆ ಬೇಡ" ಅಂದರೆ ಮುಂದೆ ಅದು ಪ್ರಶ್ನೆಯನ್ನೇ ಕೇಳುವುದಿಲ್ಲ. ನನ್ನ ಕ್ಲಾಸಿನಲ್ಲಿ ಹಾಗಾಗುವುದು ನನಗೆ ಇಷ್ಟವಿಲ್ಲ.

ಕಾಫಿ ಗಿಡ:
ಸರಿಯಾಗಿ ಹೇಳಿದಿರಿ ಟೀಚರ್.

ತೋಟದ ಕೆಲಸ:
ಆಯಿತು, ಆದರೂ ಕೊಡಗಿಗೂ ಕಡಲಿಗೂ ಏನು ಸಂಬಂಧ ಅಂತ ಯಾರಾದರೂ ಹೇಳಲಿ ನೋಡೋಣ.

ಮಾಕುಟ್ಟ ದಾರಿ:
ಸಂಬಂಧ ಇಲ್ಲದೆ ಏನು? ನಮ್ಮ ನೀರೆಲ್ಲಾ ಕಾವೇರಿಗೇ ಹೋಗುವುದಿಲ್ಲ. ಬರಪೊಳೆ ಪಶ್ಚಿಮಕ್ಕೆ ಇಳಿದು ವಳಪಟ್ಟಣಂ ಹೊಳೆ ಸೇರಿ ಕಣ್ಣೂರಿನ ಹತ್ತಿರ ಕಡಲಿಗೆ ಸೇರುತ್ತದೆ. ಸಂಪಾಜೆ ಕಡೆಯದು ಪಯಸ್ವಿನಿ, ಅದು ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಕಡಲಿಗೆ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದಾಗ ಆ ಮಣ್ಣೆಲ್ಲಾ ಎಲ್ಲಿಗೆ ಹೋಯಿತು? ಆ ದಿನ ಹೊಳೆಯ ಬಣ್ಣ ನೋಡಿದವರಿಗೆ ಗೊತ್ತು. ಟೀಚರ್ ಹೇಳುವ ಆ ಕಡಲ ತಳದ ಕೆಸರಿನಲ್ಲಿ ನಮ್ಮ ಗುಡ್ಡದ ಮಣ್ಣೂ ಇದೆ.

ಶನಿವಾರಸಂತೆ ಹುಡುಗ:
ಅಣ್ಣ, ಕಡಲಿಗೆ ಹೋಗುವುದು ನಿಜ, ಆದರೆ ಹೊಳೆ ತರುವ ಮಣ್ಣಿನಲ್ಲಿ ಹೆಚ್ಚಿನದು ಅಳಿವೆಯಲ್ಲಿ ಮತ್ತು ಕರಾವಳಿಯ ಹತ್ತಿರದ ಕಡಿಮೆ ಆಳದ ನೀರಿನಲ್ಲೇ ಕೂರುತ್ತದೆ. ಆಳದ ಇಳಿಜಾರಿಗೆ ಹೋಗುವುದು ತೀರಾ ನುಣ್ಣನೆಯ ಪುಡಿ, ಅದೂ ಬಹಳ ನಿಧಾನ. ಒಂದು ಮಳೆಗಾಲದ ಮಣ್ಣು ಆಳ ಕಡಲಿನ ಬಿಲ ಮುಚ್ಚಿತು ಅಂತ ಮಕ್ಕಳಿಗೆ ಹೇಳುವುದು ಬೇಡ.

ಮಾಕುಟ್ಟ ದಾರಿ:
ಬಿಲ ಮುಚ್ಚಿತು ಅಂತ ನಾನು ಹೇಳಲಿಲ್ಲ. ನಮ್ಮ ಮಣ್ಣೂ ಇದೆ ಅಂದೆ. ನಿಧಾನಕ್ಕೆ ಹೋದರೂ ಹೋಗುತ್ತದಲ್ಲ.

ಶನಿವಾರಸಂತೆ ಹುಡುಗ:
ಹೌದು, ಅಷ್ಟು ಒಪ್ಪುತ್ತೇನೆ.

ಈಗ ಉಸಿರಾಟದ್ದು. ಟೀಚರ್, ಇದನ್ನು ಮಕ್ಕಳಿಗೆ ಹೇಳಲೇಬೇಕು, ಯಾಕೆಂದರೆ ಗದ್ದೆ ಏಡಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ಗದ್ದೆ ಏಡಿ ಗಾಳಿಯಲ್ಲೂ ಉಸಿರಾಡಬಲ್ಲದು, ಕಿವಿರು ಒದ್ದೆ ಇದ್ದರೆ ಸಾಕು. ಅದಕ್ಕೇ ರಾತ್ರಿ ಬದುವಿನ ಮೇಲೆ ಓಡಾಡುತ್ತದೆ. ನೆಫ್ರಾಪ್ಸ್‌ಗೆ ನೀರಿನಲ್ಲಿ ಕರಗಿದ ಆಕ್ಸಿಜನ್ ಬಿಟ್ಟರೆ ಬೇರೆ ದಾರಿ ಇಲ್ಲ. ಆದರೆ ಕಡಲ ಕೆಸರಿನೊಳಗೆ ಕೆಲವು ಮಿಲಿಮೀಟರ್, ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ದಾಟಿದರೆ ಆಕ್ಸಿಜನ್ ಇರುವುದಿಲ್ಲ. ಅಲ್ಲಿ ಕೆಸರು ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆ. ಅಂಥ ಜಾಗದಲ್ಲಿ ಒಂದು ಅಡಿ ಕೆಳಗೆ ಕೂತು ಬದುಕಬೇಕೆಂದರೆ ಮೇಲಿನ ನೀರನ್ನು ಒಳಗೆ ತಂದುಕೊಳ್ಳಲೇಬೇಕು. ಅದರ ಹೊಟ್ಟೆಯಡಿ ಇರುವ ಈಜುಗಾಲುಗಳನ್ನು ಬಡಿಯುತ್ತಾ ಬಿಲದೊಳಗೆ ನೀರು ಹರಿಯುವಂತೆ ಮಾಡುತ್ತದೆ. ಹಿಂದಿನ ತೂತು ಇರುವುದರಿಂದ ಒಂದು ಕಡೆಯಿಂದ ಬಂದ ನೀರು ಇನ್ನೊಂದು ಕಡೆ ಹೊರಗೆ ಹೋಗುತ್ತದೆ. ಹೀಗೆ ನೀರು ಆಡಿದ ಬಿಲದ ಗೋಡೆ ಕಪ್ಪು ಬಿಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ. ಸತ್ತ ಕೆಸರಿಗೆ ಗಾಳಿ ಹೋದಂತಾಯಿತು. ಅಲ್ಲಿ ಸಣ್ಣ ಹುಳಗಳು, ಬ್ಯಾಕ್ಟೀರಿಯಾ ಎಲ್ಲಾ ಬೇರೆ ಥರ ಬೆಳೆಯುತ್ತವೆ. ಒಂದು ಬಿಲ ಇದ್ದರೆ ಅದರ ಸುತ್ತ ಒಂದು ಊರೇ ಇರುತ್ತದೆ. ಫ್ರೀಸ್ ಗೋಬಿ ಅಂತ ಒಂದು ಸಣ್ಣ ಮೀನು ಇದೆ, ಅದು ನೆಫ್ರಾಪ್ಸ್ ಬಿಲದಲ್ಲೂ ವಾಸ ಮಾಡುತ್ತದೆ.

ಪೊನ್ನಂಪೇಟೆ ಟೀಚರ್:
ತುಂಬಾ ಉಪಯೋಗವಾಯಿತು. ಈಜುಗಾಲಿನ ವಿಷಯ ಚಿತ್ರ ಬರೆದು ತೋರಿಸುತ್ತೇನೆ. ಊಟಕ್ಕೆ ಬಿಲದಿಂದ ಹೊರಗೆ ಬರುತ್ತದಾ? ಹಗಲೋ ರಾತ್ರಿಯೋ?

ಶನಿವಾರಸಂತೆ ಹುಡುಗ:
ಅದು ಆಳದ ಮೇಲೆ. ಕಡಿಮೆ ಆಳದಲ್ಲಿದ್ದರೆ ರಾತ್ರಿ ಹೊರಗೆ ಬರುತ್ತದೆ. ಸ್ವಲ್ಪ ಆಳಕ್ಕೆ ಹೋದರೆ ಮುಂಜಾನೆ, ಮುಸ್ಸಂಜೆ. ಇನ್ನೂ ಆಳದಲ್ಲಿ ಹಗಲು. ಯಾಕೆಂದರೆ ಅದಕ್ಕೆ ಬೇಕಾದ್ದು ಒಂದು ಹದವಾದ ಮಂದ ಬೆಳಕು, ಆ ಬೆಳಕು ಆಳಕ್ಕೆ ತಕ್ಕಂತೆ ಬೇರೆ ಬೇರೆ ಹೊತ್ತಿಗೆ ಸಿಗುತ್ತದೆ. ಕಣ್ಣು ಮಂದ ಬೆಳಕಿಗೆ ಮಾಡಿದ್ದು. ಬಲೆಯಲ್ಲಿ ಮೇಲೆ ಬಂದು ಬಿಸಿಲು ಬಿದ್ದರೆ ಕಣ್ಣಿನ ಒಳಪದರ ಹಾಳಾಗುತ್ತದೆ, ವಾಪಸ್ ಕಡಲಿಗೆ ಬಿಟ್ಟರೂ ಸರಿಯಾಗುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಇದರ ಮೇಲೆ ಕೆಲಸ ಆಗಿದೆ. ಕುರುಡಾದರೂ ಬದುಕುತ್ತವಂತೆ, ವಾಸನೆ ಹಿಡಿದು ತಿನ್ನುತ್ತವೆ. ಹುಳ, ಸಣ್ಣ ಚಿಪ್ಪುಜೀವಿ, ಸತ್ತ ಮೀನು, ಸಿಕ್ಕಿದ್ದೆಲ್ಲಾ ತಿನ್ನುತ್ತವೆ.

ಮೂರ್ನಾಡು ಅಕ್ಕ:
ಪಾಪ.

ಕುಶಾಲನಗರ ಮೀನಂಗಡಿ:
ಅಂಥದ್ದು ನಮ್ಮ ಮಾರ್ಕೆಟಿಗೆ ಬಂದದ್ದು ನಾನು ನೋಡಿಲ್ಲ. ಮಂಗಳೂರಿನಿಂದ ಬರುವುದು ಬಂಗುಡೆ, ಬೂತಾಯಿ, ಅಂಜಲ್, ಸಿಗಡಿ, ಕಡಲೇಡಿ. ಲಾಬ್‌ಸ್ಟರ್ ಸಿಕ್ಕಿದರೂ ಬಂಡೆ ಕಡೆಯದು, ಅದಕ್ಕೆ ಕಚ್ಚೋ ಕಾಲು ಇರುವುದಿಲ್ಲ, ಉದ್ದ ಮೀಸೆ ಮಾತ್ರ. ಇದು ನಮ್ಮ ಕಡಲಿನಲ್ಲಿ ಇಲ್ಲವೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮಾಜಿ ಸೈನಿಕ, ವಿರಾಜಪೇಟೆ:
ಇದೆ. ನಾನು ಅಂಡಮಾನಿನಲ್ಲಿ ಡ್ಯೂಟಿಯಲ್ಲಿದ್ದಾಗ ಅಲ್ಲಿನ ಮ್ಯೂಸಿಯಂನಲ್ಲಿ ಆಳ ಕಡಲಿನ ಪ್ರಾಣಿಗಳನ್ನು ಬಾಟಲಿಯಲ್ಲಿ ಇಟ್ಟಿದ್ದನ್ನು ನೋಡಿದ್ದೆ. ಅಂಡಮಾನ್ ಲಾಬ್‌ಸ್ಟರ್ ಅಂತ ಒಂದು ಇದೆ, ತೆಳ್ಳಗೆ, ಮೈಯೆಲ್ಲಾ ಮುಳ್ಳು ಮುಳ್ಳು. ನೆಫ್ರಾಪ್ಸ್ ಜಾತಿಯದೇ ಅಂತ ಹೇಳಿದ್ದರು. ಓದಿದ ಹುಡುಗ ಬೇಕಾದರೆ ವಿವರ ಕೊಡಲಿ.

ಶನಿವಾರಸಂತೆ ಹುಡುಗ:
ಮಾಮ ಹೇಳಿದ್ದು ಮೆಟಾನೆಫ್ರಾಪ್ಸ್ ಅಂಡಮಾನಿಕಸ್ ಇರಬೇಕು. ಮೊದಲು ಅದನ್ನು ನೆಫ್ರಾಪ್ಸ್ ಅಂತಲೇ ಕರೆಯುತ್ತಿದ್ದರು. 1972ರಲ್ಲಿ ಜೆಂಕಿನ್ಸ್ ಎಂಬಾತ ಪಳೆಯುಳಿಕೆಗಳನ್ನೂ ಈಗಿನವನ್ನೂ ಪಕ್ಕಪಕ್ಕ ಇಟ್ಟು ನೋಡಿ, ಯುರೋಪಿನದನ್ನು ಮಾತ್ರ ನೆಫ್ರಾಪ್ಸ್‌ನಲ್ಲಿ ಉಳಿಸಿ, ಉಳಿದ ಬದುಕಿರುವ ಜಾತಿಗಳನ್ನೆಲ್ಲಾ ಮೆಟಾನೆಫ್ರಾಪ್ಸ್ ಎಂಬ ಹೊಸ ಕುಲಕ್ಕೆ ಹಾಕಿದ. ಮೆಟಾನೆಫ್ರಾಪ್ಸ್‌ನಲ್ಲಿ ಹದಿನೈದಕ್ಕಿಂತ ಹೆಚ್ಚು ಜಾತಿಗಳಿವೆ, ಹೆಚ್ಚಿನವು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನಲ್ಲಿ. ನ್ಯೂಜಿಲೆಂಡಿನಲ್ಲಿ ಒಂದು ಜಾತಿಯನ್ನು ದೊಡ್ಡ ಪ್ರಮಾಣದಲ್ಲಿ ಹಿಡಿಯುತ್ತಾರೆ. ಅದರ ಹೆಸರು ಚಾಲೆಂಜೆರಿ, 1872ರಿಂದ 1876ರವರೆಗೆ ಲೋಕ ಸುತ್ತಿದ ಚಾಲೆಂಜರ್ ಹಡಗಿನ ನೆನಪಿಗೆ.

ಅಂಡಮಾನಿನದನ್ನು ವಿವರಿಸಿದ್ದು ವುಡ್-ಮೇಸನ್, ಕಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿ ಇದ್ದವರು, 1890ರ ದಶಕದ ಶುರುವಿನಲ್ಲಿ. ಇನ್ವೆಸ್ಟಿಗೇಟರ್ ಎಂಬ ಸರ್ವೆ ಹಡಗು ಆಗ ನಮ್ಮ ಕಡಲುಗಳ ಆಳ ಅಳೆಯುತ್ತಾ ತಳದಿಂದ ಪ್ರಾಣಿಗಳನ್ನೂ ಎತ್ತುತ್ತಿತ್ತು. ಅದಕ್ಕೂ ಮೊದಲೇ, 1870ರ ದಶಕದಲ್ಲಿ, ಅವರು ಅಂಡಮಾನ್ ಕಡಲಿನಿಂದಲೇ ನೆಫ್ರಾಪ್ಸಿಸ್ ಎಂಬ ಇನ್ನೊಂದು ಕುಲವನ್ನು ವಿವರಿಸಿದ್ದರು. ಹೆಸರು ಹತ್ತಿರ ಹತ್ತಿರ, ಗೊಂದಲ ಬೇಡ. ಅದರ ಕಣ್ಣು ತೀರಾ ಸಣ್ಣದು, ಬಣ್ಣವೇ ಇಲ್ಲ, ಕತ್ತಲೆಯಲ್ಲಿ ಇರುವ ಪ್ರಾಣಿ.

ಮೀನಂಗಡಿ ಅಣ್ಣನಿಗೆ: ನಿಮ್ಮ ಅಂಗಡಿಗೆ ಬರುವುದಿಲ್ಲ ಅನ್ನುವುದು ಸರಿ. ಇಲ್ಲಿನ ಬೋಟುಗಳು ಸಾಮಾನ್ಯವಾಗಿ ಅಷ್ಟು ಆಳಕ್ಕೆ ಬಲೆ ಬಿಡುವುದಿಲ್ಲ. ಆದರೆ ಕಡಲಿನಲ್ಲೇ ಇಲ್ಲ ಅನ್ನುವ ಹಾಗಿಲ್ಲ.

ಕುಶಾಲನಗರ ಮೀನಂಗಡಿ:
ಅಂಡಮಾನ್ ಬೇರೆ, ಮಂಗಳೂರು ಬೇರೆ ತಮ್ಮ. ಟೀಚರ್ ಕೇಳಿದ್ದು ಅರಬ್ಬೀ ಸಮುದ್ರ.

ಶನಿವಾರಸಂತೆ ಹುಡುಗ:
ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ. ಅರಬ್ಬೀ ಸಮುದ್ರಕ್ಕೆ ಒಂದು ವಿಶೇಷ ಇದೆ. ಸುಮಾರು 150 ಮೀಟರಿನಿಂದ 1000 ಮೀಟರ್ ಆಚೆವರೆಗೆ ನೀರಿನಲ್ಲಿ ಆಕ್ಸಿಜನ್ ತೀರಾ ಕಡಿಮೆ. ಲೋಕದಲ್ಲೇ ದೊಡ್ಡ ಕಡಿಮೆ-ಆಕ್ಸಿಜನ್ ಪದರಗಳಲ್ಲಿ ಇದೂ ಒಂದು. ಮೇಲೆ ಬೆಳೆದ ಸೂಕ್ಷ್ಮ ಸಸ್ಯಗಳು ಸತ್ತು ಕೆಳಗೆ ಇಳಿದು ಕೊಳೆಯುವಾಗ ಆಕ್ಸಿಜನ್ ಖರ್ಚಾಗುತ್ತದೆ, ಉತ್ತರದಲ್ಲಿ ನೆಲ ಅಡ್ಡ ಇರುವುದರಿಂದ ಹೊಸ ನೀರು ಬಂದು ತುಂಬುವುದು ನಿಧಾನ. ಮಳೆಗಾಲದಲ್ಲಿ ಈ ನೀರೇ ಕೆಳಗಿನಿಂದ ಎದ್ದು ಕರಾವಳಿ ಹತ್ತಿರಕ್ಕೂ ಬರುತ್ತದೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಬಿಲದಲ್ಲಿ ಇರುವ ಪ್ರಾಣಿಗೆ ಹೊರಗಿನ ನೀರಿನಲ್ಲೇ ಆಕ್ಸಿಜನ್ ಇಲ್ಲ ಅಂದರೆ ಎಷ್ಟು ಈಜುಗಾಲು ಬಡಿದರೂ ಪ್ರಯೋಜನ ಇಲ್ಲ. ಹಾಗಾಗಿ ಇಲ್ಲಿ ಯಾರು ಎಲ್ಲಿ ಬಿಲ ತೋಡುತ್ತಾರೆ ಅನ್ನುವುದನ್ನು ಕೆಸರಿನ ಜೊತೆ ಈ ಪದರವೂ ತೀರ್ಮಾನ ಮಾಡುತ್ತದೆ.

ಆದರೂ ಆಳದಲ್ಲಿ ಜೀವ ಇಲ್ಲ ಅಂತಲ್ಲ. ಕೊಲ್ಲಂ ಆಚೆ ಕ್ವಿಲಾನ್ ಬ್ಯಾಂಕ್ ಅನ್ನುವ ಜಾಗದಲ್ಲಿ ಆಳದ ಕೆಂಪು ಸಿಗಡಿ, ಪ್ಯೂರುಲಸ್ ಎಂಬ ಆಳದ ಲಾಬ್‌ಸ್ಟರ್ ಸಿಗುತ್ತವೆ. ಪ್ಯೂರುಲಸ್‌ಗೆ ನೆಫ್ರಾಪ್ಸ್ ಥರ ಕಚ್ಚೋ ಕಾಲು ಇಲ್ಲ, ಅದು ಬೇರೆ ಮನೆತನ.

ಹಾಕತ್ತೂರು:
ಟ್ರಾಲ್ ಬೋಟಿನವರು ಆ ಆಳಕ್ಕೂ ಹೋದರೆ ಮುಗಿಯಿತು ಕಥೆ. ಹತ್ತಿರದ ಕಡಲನ್ನು ಗುಡಿಸಿ ಆಯಿತು, ಇನ್ನು ಅದು.

ಕುಶಾಲನಗರ ಮೀನಂಗಡಿ:
ಎಲ್ಲದಕ್ಕೂ ಬೋಟಿನವರನ್ನು ಬೈಯುವುದು ಸುಲಭ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಅವರು ಕಡಲಿಗೆ ಇಳಿಯುವ ಹಾಗಿಲ್ಲ. ಆ ಎರಡು ತಿಂಗಳು ಅವರ ಮನೆ ಹೇಗೆ ನಡೆಯುತ್ತದೆ ಅಂತ ಯಾರಾದರೂ ಕೇಳಿದ್ದೀರಾ? ನನ್ನ ಅಂಗಡಿಗೂ ಆಗ ಮೀನು ಸರಿಯಾಗಿ ಬರುವುದಿಲ್ಲ, ಬಂದರೂ ರೇಟ್ ಕೇಳಿ ಗಿರಾಕಿ ವಾಪಸ್ ಹೋಗುತ್ತಾರೆ. ಡೀಸೆಲ್ ರೇಟ್ ನೋಡಿ. ಹತ್ತಿರ ಮೀನು ಸಿಗದಿದ್ದರೆ ದೂರ ಹೋಗದೆ ಏನು ಮಾಡಬೇಕು?

ಹಾಕತ್ತೂರು:
ಅವರ ಹೊಟ್ಟೆಪಾಡು ಬೇರೆ. ಬಲೆ ತಳವನ್ನು ಉಜ್ಜಿಕೊಂಡು ಹೋದರೆ ಬಿಲ ಉಳಿಯುತ್ತದಾ ಅಂತ ಕೇಳುತ್ತಿದ್ದೇನೆ.

ಶನಿವಾರಸಂತೆ ಹುಡುಗ:
ಇಬ್ಬರೂ ಹೇಳುವುದರಲ್ಲಿ ವಿಷಯ ಇದೆ. ಬಿಲದ ಬಾಯಿ ಮುಚ್ಚುತ್ತದೆ, ಆದರೆ ಪ್ರಾಣಿ ಒಳಗೆ ಬದುಕಿದ್ದರೆ ಕೆಲವೇ ದಿನದಲ್ಲಿ ಮತ್ತೆ ತೋಡಿಕೊಂಡು ಹೊರಗೆ ಬರುತ್ತದೆ. ಬಿಲ ತೋಡುವುದು ಅದರ ದಿನನಿತ್ಯದ ಕೆಲಸ. ನಿಜವಾದ ನಷ್ಟ ಅಕ್ಕಪಕ್ಕದವರಿಗೆ. ಅದೇ ಕೆಸರಿನಲ್ಲಿ ಗರಿಯ ಹಾಗೆ ನೆಟ್ಟಗೆ ನಿಲ್ಲುವ ಸೀ ಪೆನ್ ಎಂಬ ಪ್ರಾಣಿಗಳಿವೆ. ಅವುಗಳಲ್ಲಿ ಎತ್ತರದ ಜಾತಿಗಳು ಬಲೆಗೆ ಸಿಕ್ಕಿ ಮುರಿದರೆ ಮತ್ತೆ ಬೆಳೆಯುವುದು ವರ್ಷಗಟ್ಟಲೆ. ಇನ್ನೊಂದು, ಈ ಬಲೆಯ ಕಣ್ಣು ಸಣ್ಣದು, ಯುರೋಪಿನಲ್ಲಿ ಇದರ ಜೊತೆ ಕಾಡ್, ಹ್ಯಾಡಕ್ ಎಂಬ ಮೀನುಗಳ ಮರಿಗಳೂ ಸಿಕ್ಕಿ ಸಾಯುತ್ತವೆ. ಕಾಡ್ ಮೀನು ನೆಫ್ರಾಪ್ಸ್ ತಿನ್ನುವ ಮುಖ್ಯ ಶತ್ರು. ಕಾಡ್ ಕಡಿಮೆಯಾದ ಕಡೆ ಮೀನುಗಾರರು ನೆಫ್ರಾಪ್ಸ್ ಮೇಲೆಯೇ ನಿಂತಿದ್ದಾರೆ. ಸರಿಯೋ ತಪ್ಪೋ, ಅಲ್ಲಿ ಅದರ ಮೇಲೆ ಊರೂರೇ ಬದುಕುತ್ತಿವೆ.

ನಮ್ಮ ಕಡೆ ಕೇರಳದ ಟ್ರಾಲ್ ಬೋಟುಗಳು ಸುಮಾರು 2000ನೇ ಇಸವಿಯ ಹೊತ್ತಿಗೆ ಆಳದ ಸಿಗಡಿಗೆ ಇಳಿದವು. ಹಿಡಿಯಬೇಡಿ ಅಂತ ನಾನು ಹೇಳುವುದಿಲ್ಲ. ಹಿಡಿಯುವ ಮೊದಲು ಕೆಳಗೆ ಎಷ್ಟಿದೆ ಅಂತ ಎಣಿಸಿ ಅಂತ ಹೇಳುತ್ತೇನೆ.

ಕಾಫಿ ಗಿಡ:
ಬಿಲದೊಳಗೆ ಇರುವುದನ್ನು ಎಣಿಸುವುದು ಹೇಗೆ? ಬಲೆಗೆ ಬಿದ್ದದ್ದು ಲೆಕ್ಕ ಹಾಕಿದರೆ ಸಾಕಲ್ವಾ?

ಶನಿವಾರಸಂತೆ ಹುಡುಗ:
ಸಾಲದು. ಬಲೆಗೆ ಬೀಳುವುದು ಆ ಹೊತ್ತಿಗೆ ಹೊರಗೆ ಇದ್ದವು ಮಾತ್ರ. ಮೊಟ್ಟೆ ಹೊತ್ತ ಹೆಣ್ಣುಗಳು ತಿಂಗಳುಗಟ್ಟಲೆ ಬಿಲ ಬಿಟ್ಟು ಹೊರಗೆ ಬರುವುದೇ ಅಪರೂಪ. ತಂಪು ನೀರಿನಲ್ಲಿ ಮೊಟ್ಟೆ ಒಡೆಯುವುದಕ್ಕೆ 8-10 ತಿಂಗಳು ಬೇಕು. ಆ ಕಾಲದಲ್ಲಿ ಬಲೆಯಲ್ಲಿ ಬರುವುದು ಹೆಚ್ಚಾಗಿ ಗಂಡು. ಬಲೆ ನೋಡಿ ಲೆಕ್ಕ ಹಾಕಿದರೆ ಹೆಣ್ಣೇ ಇಲ್ಲ ಅಂದುಕೊಳ್ಳುತ್ತೀರಿ. ಒಂದು ರೀತಿಯಲ್ಲಿ ಆ ಕುಲವನ್ನು ಉಳಿಸಿರುವುದೇ ಈ ಅಭ್ಯಾಸ.

ಅದಕ್ಕೆ ಸ್ಕಾಟ್ಲೆಂಡಿನವರು 1990ರ ದಶಕದಿಂದ ಬಿಲಗಳನ್ನೇ ಎಣಿಸುತ್ತಾರೆ. ಕಬ್ಬಿಣದ ಚೌಕಟ್ಟಿಗೆ ಕ್ಯಾಮೆರಾ, ಲೈಟು ಕಟ್ಟಿ ತಳದ ಮೇಲೆ ನಿಧಾನಕ್ಕೆ ಎಳೆಯುತ್ತಾರೆ. ಆಮೇಲೆ ಆ ವಿಡಿಯೊ ನೋಡುತ್ತಾ ಕೂತು ಬಿಲ ಎಣಿಸುತ್ತಾರೆ, ಒಬ್ಬರಲ್ಲ, ಬೇರೆ ಬೇರೆಯವರು ಎಣಿಸಿ ತಾಳೆ ನೋಡುತ್ತಾರೆ. ನನಗೆ ಓದುವಾಗ ಅಂಥ ಒಂದು ವಿಡಿಯೊ ತೋರಿಸಿದ್ದರು. ಮೊದಲು ಬರೀ ಬೂದು ಬಣ್ಣದ ಬಯಲು. ನೋಡ್ತಾ ನೋಡ್ತಾ ಕಣ್ಣು ಹೊಂದಿಕೊಂಡ ಮೇಲೆ ಒಂದು ಬಾಗಿಲು ಕಾಣುತ್ತದೆ, ಮುಂದೆ ಹೊರಗೆ ತಳ್ಳಿದ ಕೆಸರು ಬೀಸಣಿಗೆ ಥರ ಹರಡಿರುತ್ತದೆ, ಅದರ ಮೇಲೆ ಕಾಲಿನ ಗೀರು. ಅಂಚಿನಲ್ಲಿ ಎರಡು ಕಿತ್ತಳೆ ಬಣ್ಣದ ಕಾಲಿನ ತುದಿ ಮಾತ್ರ ಹೊರಗೆ. ಚೌಕಟ್ಟು ಹತ್ತಿರ ಬಂದ ತಕ್ಷಣ ಒಳಗೆ ಎಳೆದುಕೊಂಡಿತು, ಒಂದು ಸಣ್ಣ ಕೆಸರಿನ ಹೊಗೆ ಎದ್ದಿತು, ಅಷ್ಟೇ. ಒಂದು ಬಿಲಕ್ಕೆ ಎರಡು ಮೂರು ಬಾಗಿಲು ಇರುವುದರಿಂದ ಯಾವ ತೂತು ಯಾರದ್ದು ಅಂತ ಗುರುತಿಸುವುದಕ್ಕೆ ತರಬೇತಿಯೇ ಬೇಕು. ಮರಿಗಳು ದೊಡ್ಡವರ ಬಿಲದ ಪಕ್ಕದಲ್ಲೇ ತಮ್ಮ ಸಣ್ಣ ಸುರಂಗ ಜೋಡಿಸಿಕೊಂಡಿರುತ್ತವೆ, ಅದು ಇನ್ನೊಂದು ತಲೆನೋವು.

ಮೂರ್ನಾಡು ಅಕ್ಕ:
ಮರಿ ತಾಯಿ ಹತ್ತಿರವೇ ಇರುತ್ತದಾ? ಗದ್ದೆ ಏಡಿಯ ಹೊಟ್ಟೆ ಬಿಡಿಸಿದರೆ ಒಳಗೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಮರಿಗಳು ಗುಜುಗುಜು ಅಂತ ಇರುತ್ತವೆ, ಅಂಥದ್ದು ಸಿಕ್ಕಿದರೆ ನಮ್ಮ ಅಜ್ಜಿ ವಾಪಸ್ ಬಿಡು ಅನ್ನುತ್ತಿದ್ದರು.

ಶನಿವಾರಸಂತೆ ಹುಡುಗ:
ಅಕ್ಕ, ಒಳ್ಳೆಯ ಮಾತು ತೆಗೆದಿರಿ. ಸಿಹಿನೀರಿನ ಏಡಿಯ ಮೊಟ್ಟೆಯಿಂದ ನೇರ ಪುಟ್ಟ ಏಡಿಯೇ ಬರುತ್ತದೆ, ತಾಯಿ ಹೊಟ್ಟೆಯಡಿ ಇಟ್ಟುಕೊಂಡು ತಿರುಗುತ್ತಾಳೆ. ನೆಫ್ರಾಪ್ಸ್ ಹಾಗಲ್ಲ. ಮೊಟ್ಟೆ ಒಡೆದ ಮೇಲೆ ಮರಿ ಕೆಸರು ಬಿಟ್ಟು ಮೇಲಿನ ನೀರಿಗೆ ಹೋಗಿ ತೇಲುತ್ತದೆ. ಮೂರು ಸಲ ರೂಪ ಬದಲಿಸಿ, ವಾರಗಟ್ಟಲೆ ನೀರಿನ ಹರಿವಿನಲ್ಲಿ ಅಲೆದು, ಆಮೇಲೆ ತಳಕ್ಕೆ ಇಳಿಯುತ್ತದೆ. ಇಳಿದ ಜಾಗದಲ್ಲಿ ಕೆಸರು ಇದ್ದರೆ ಬದುಕಿತು, ಮರಳು ಇದ್ದರೆ ಇಲ್ಲ. ಪಕ್ಕದಲ್ಲಿರುವ ದೊಡ್ಡದು ಅದರ ತಾಯಿಯೇ ಆಗಿರಬೇಕು ಅಂತೇನೂ ಇಲ್ಲ.

ಮೂರ್ನಾಡು ಅಕ್ಕ:
ಅಜ್ಜಿ ಹೇಳಿದ್ದು ಸರಿಯೇ ಹಾಗಾದರೆ. ಒಂದು ಏಡಿ ತೆಗೆದರೆ ಆ ಬದುವಿನ ಸಂಸಾರವೇ ಹೋಯಿತು. ಈಗ ಗದ್ದೆಗೆ ಔಷಧಿ ಹೊಡೆದು ಹೊಡೆದು ಏಡಿಯೇ ಕಾಣುವುದಿಲ್ಲ. ಕಕ್ಕಡಕ್ಕೆ ಞಂಡ್ ಕರಿ (ಏಡಿ ಸಾರು) ಮಾಡಬೇಕೆಂದರೆ ಮಾರ್ಕೆಟಿನಿಂದ ಕಡಲೇಡಿ ತರಬೇಕು.

ಗೋಣಿಕೊಪ್ಪ ಕುಕ್:
ಕಡಲೇಡಿಗೆ ಆ ರುಚಿ ಬರುವುದಿಲ್ಲ ಅಕ್ಕ. ಗದ್ದೆ ಏಡಿ, ಹುರಿದ ಮಸಾಲೆ, ಕೊನೆಗೆ ಒಂದು ಚಮಚ ನಮ್ಮ ಕಪ್ಪು ಹುಳಿ, ಕಾಚಂಪುಳಿ. ಅಷ್ಟು ಸಾಕು.

ತೋಟದ ಕೆಲಸ:
ಏಡಿ ಇಲ್ಲದಿದ್ದರೆ ಬದು ಒಡೆಯುವುದಿಲ್ಲ, ನೀರು ನಿಲ್ಲುತ್ತದೆ. ಗದ್ದೆ ಮಾಡುವವನಿಗೆ ಅದೂ ಮುಖ್ಯ.

ಮೂರ್ನಾಡು ಅಕ್ಕ:
ಗದ್ದೆ ಮಾಡುವವರು ಎಷ್ಟು ಜನ ಉಳಿದಿದ್ದಾರೆ ಹೇಳಿ? ಬದು ಒಡೆದರೆ ಬೆಳಿಗ್ಗೆ ಹೋಗಿ ಮಣ್ಣು ಮೆತ್ತುತ್ತಿದ್ದರು, ಏಡಿಯನ್ನು ವಿಷ ಹಾಕಿ ಕೊಲ್ಲುತ್ತಿರಲಿಲ್ಲ.

ಪೊನ್ನಂಪೇಟೆ ಟೀಚರ್:
ದಯವಿಟ್ಟು ಸ್ವಲ್ಪ ಕಡಲಿಗೆ ವಾಪಸ್ ಬನ್ನಿ. ಮಕ್ಕಳು ಕೇಳಿದ ಇನ್ನೊಂದು ಪ್ರಶ್ನೆ ಇದೆ. ಬಿಲ ಬಿಟ್ಟು ಹೊರಗೆ ಬರುವುದೇ ಇಲ್ಲದ ಪ್ರಾಣಿ ಇದೆಯಾ?

ಮಡಿಕೇರಿ ಮಂಜು ಮಳೆ:
ಇದೆ ಟೀಚರ್. ಕ್ಯಾಲೊಕಾರಿಸ್ ಅಂತ ಇನ್ನೊಂದು ಕುಲ. ಪ್ರಾಣಿಶಾಸ್ತ್ರ ಓದುವಾಗ ನನಗೆ ಇಷ್ಟವಾದದ್ದು ಅದೇ. ಸಿಗಡಿಯಂತೆ ಕಾಣುತ್ತದೆ, ಬೆರಳಿನಷ್ಟೂ ಇಲ್ಲ. ಯುರೋಪಿನ ಅದೇ ಕೆಸರುಗಳಲ್ಲಿ, ಸಾವಿರ ಮೀಟರ್ ಆಳದವರೆಗೂ ಇದೆ. ಒಂದಕ್ಕೊಂದು ಸೇರಿದ ಸುರಂಗಗಳ ಜಾಲ ಮಾಡಿಕೊಂಡು ಜೀವಮಾನ ಪೂರ್ತಿ ಅಲ್ಲೇ ಕಳೆಯುತ್ತದೆ ಅನ್ನಬಹುದು. ಕಣ್ಣಿನಲ್ಲಿ ಬಣ್ಣವೇ ಇಲ್ಲ. ಒಂದೇ ಪ್ರಾಣಿಯಲ್ಲಿ ಗಂಡು ಹೆಣ್ಣು ಎರಡೂ ಇದೆ. ಸಂಗಾತಿ ಹುಡುಕಲು ಹೊರಗೆ ಹೋಗುವುದೇ ಕಷ್ಟ ಇರುವ ಜಾಗದಲ್ಲಿ ಯಾರು ಸಿಕ್ಕಿದರೂ ಆಗುತ್ತದೆ ಅನ್ನುವುದು ಎಷ್ಟು ದೊಡ್ಡ ಅನುಕೂಲ ನೋಡಿ. ಬೆಳೆಯುವುದು ಬಹಳ ನಿಧಾನ, ಒಂಬತ್ತು ಹತ್ತು ವರ್ಷ ಬದುಕುತ್ತದೆ. ಅಷ್ಟು ಸಣ್ಣ ಪ್ರಾಣಿಗೆ ಅದು ದೊಡ್ಡ ಆಯಸ್ಸು. ಇದನ್ನು ಯಾರೂ ತಿನ್ನುವುದಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಇದರ ಬಗ್ಗೆ ಮಾತಾಡುವವರೂ ಕಡಿಮೆ. ನನಗೆ ಅದು ಬೇಸರ. ಮಾರ್ಕೆಟಿನಲ್ಲಿ ಬೆಲೆ ಇದ್ದರೆ ಮಾತ್ರ ಪ್ರಾಣಿಗೆ ಬೆಲೆಯಾ?

ನೆಫ್ರಾಪ್ಸ್ ಬಗ್ಗೆ ಒಂದು ವಿಷಯ ಯಾರೂ ಹೇಳಲಿಲ್ಲ. 1995ರಲ್ಲಿ ಡೆನ್ಮಾರ್ಕಿನ ಫುಂಚ್ ಮತ್ತು ಕ್ರಿಸ್ಟೆನ್ಸನ್ ಅದರ ಬಾಯಿಯ ಕೂದಲುಗಳ ಮೇಲೆ ಅಂಟಿಕೊಂಡಿದ್ದ, ಅರ್ಧ ಮಿಲಿಮೀಟರ್‌ಗಿಂತ ಸಣ್ಣ ಒಂದು ಜೀವಿ ನೋಡಿದರು. ಸಿಂಬಿಯಾನ್ ಪಂಡೋರ. ಲಾಬ್‌ಸ್ಟರ್ ತಿನ್ನುವಾಗ ಉದುರಿದ ಚೂರುಗಳೇ ಅದಕ್ಕೆ ಊಟ. ಅದು ಗೊತ್ತಿರುವ ಯಾವ ಗುಂಪಿಗೂ ಸೇರಲಿಲ್ಲ. ಹೊಸ ಜಾತಿ, ಹೊಸ ಕುಲ ಅಲ್ಲ, ಹೊಸ ವಂಶವನ್ನೇ ಮಾಡಬೇಕಾಯಿತು. ಸಂಧಿಪದಿಗಳು ಒಂದು ವಂಶ, ಮೃದ್ವಂಗಿಗಳು ಒಂದು ವಂಶ, ಆ ಮಟ್ಟದ್ದು. ನೂರಾರು ವರ್ಷದಿಂದ ತಟ್ಟೆಗೆ ಬರುತ್ತಿದ್ದ ಪ್ರಾಣಿಯ ಬಾಯಲ್ಲಿ ಅದು ಇತ್ತು, ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಕಂಡಿತು.

ಕಾಫಿ ಗಿಡ:
ಇದು ಗೊತ್ತೇ ಇರಲಿಲ್ಲ! ಇದನ್ನು ಮಕ್ಕಳಿಗೆ ಮೊದಲು ಹೇಳಿ ಟೀಚರ್.

ಗೋಣಿಕೊಪ್ಪ ಕುಕ್:
ಅದೆಷ್ಟು ತಲೆಗಳನ್ನು ಸ್ಟಾಕ್‌ಗೆ ಹಾಕಿದ್ದೇನೋ. ಮುಂದೆ ಸಿಕ್ಕಿದರೆ ಲೆನ್ಸ್ ಇಟ್ಟು ನೋಡುತ್ತೇನೆ.

ಮಾಕುಟ್ಟ ದಾರಿ:
ಪ್ಲಾಸ್ಟಿಕ್ ವಿಷಯವನ್ನೂ ಸೇರಿಸಿ. ಸ್ಕಾಟ್ಲೆಂಡಿನ ಕ್ಲೈಡ್ ಕೊಲ್ಲಿಯಲ್ಲಿ ಹಿಡಿದ ನೆಫ್ರಾಪ್ಸ್‌ಗಳ ಹೊಟ್ಟೆ ಬಿಡಿಸಿ ನೋಡಿದಾಗ ನೂರಕ್ಕೆ 83ರಲ್ಲಿ ಪ್ಲಾಸ್ಟಿಕ್ ಎಳೆ ಸಿಕ್ಕಿತ್ತು, 2011ರಲ್ಲಿ ಪ್ರಕಟವಾದ ವರದಿ ಅದು. ಹೆಚ್ಚಿನದು ಬಲೆ, ಹಗ್ಗದ ನೈಲಾನ್ ಎಳೆ, ಹೊಟ್ಟೆಯಲ್ಲಿ ಉಂಡೆ ಕಟ್ಟಿತ್ತು. ಕೆಸರಿನಲ್ಲಿ ಸಿಕ್ಕಿದ್ದು ತಿನ್ನುವ ಪ್ರಾಣಿ, ಕೆಸರಿನಲ್ಲಿ ನಾವು ಬಿಟ್ಟದ್ದು ಅದರ ಹೊಟ್ಟೆಗೆ ಹೋಯಿತು. ಮಾಕುಟ್ಟ ಘಾಟಿಯಲ್ಲಿ ಕಾರು ನಿಲ್ಲಿಸಿ ಬಾಟಲಿ, ತಟ್ಟೆ ಹೊಳೆಗೆ ಎಸೆಯುವವರಿಗೆ ಇದನ್ನು ಓದಿ ಹೇಳಬೇಕು. ಸಂಬಂಧ ಕೇಳಿದಿರಲ್ಲ ತೋಟದಣ್ಣ, ಇದೇ ಸಂಬಂಧ.

ತೋಟದ ಕೆಲಸ:
ಪ್ಲಾಸ್ಟಿಕ್ ವಿಷಯದಲ್ಲಿ ನನ್ನ ತಕರಾರಿಲ್ಲ. ನಮ್ಮ ತೋಟದ ತೋಡಿನಲ್ಲೂ ವಾರಕ್ಕೊಮ್ಮೆ ಹೆಕ್ಕಿಸುತ್ತೇನೆ, ಮೇಲಿನ ಹೋಮ್‌ಸ್ಟೇಗಳಿಂದ ಬರುವುದೇ ಜಾಸ್ತಿ.

ಮಾಜಿ ಸೈನಿಕ, ವಿರಾಜಪೇಟೆ:
ಟೀಚರ್, ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವುದಾದರೆ ಮೈಸೂರು, ಬೇಲೂರು ಬಿಟ್ಟು ಒಂದು ಸಲ ಮಂಗಳೂರು ದಕ್ಕೆಗೆ ಹೋಗಿ. ಬೆಳಗಿನ ಜಾವ ಬೋಟುಗಳು ಬರುವ ಹೊತ್ತಿಗೆ. ಏಡಿ, ಸಿಗಡಿ, ಕಡಲ ಚೇಳು ಎಲ್ಲಾ ರಾಶಿಯಲ್ಲಿ ಇರುತ್ತದೆ.

ಕುಶಾಲನಗರ ಮೀನಂಗಡಿ:
ಆಗಸ್ಟ್ ಕಳೆಯಲಿ. ಈಗ ಹೋದರೆ ಕಟ್ಟಿ ಹಾಕಿದ ಬೋಟು ಮಾತ್ರ. ಬೇಕಾದರೆ ನಾನು ಮಾಲು ತರುವ ಗಾಡಿಯವರ ಹತ್ತಿರ ಮಾತಾಡುತ್ತೇನೆ, ಬಲೆಯಲ್ಲಿ ಬಂದ ಬೇಡದ ಸಾಮಾನು ಒಂದು ಡಬ್ಬಿಯಲ್ಲಿ ಐಸ್ ಹಾಕಿ ಶಾಲೆಗೆ ಕಳುಹಿಸುತ್ತೇನೆ. ಅದರಲ್ಲಿ ಬಿಲದ ಸಿಗಡಿಗಳೂ ಇರುತ್ತವೆ, ನಾವು ಹೆಸರು ಗೊತ್ತಿಲ್ಲದೆ ಬಿಸಾಡುವುದು. ದುಡ್ಡು ಬೇಡ.

ಪೊನ್ನಂಪೇಟೆ ಟೀಚರ್:
ಖಂಡಿತ ಬೇಕು ಅಣ್ಣ, ಬಹಳ ಉಪಕಾರ. ನಮ್ಮ ಲ್ಯಾಬಿನಲ್ಲಿ ಫಾರ್ಮಲಿನ್ ಇದೆ. ಗಾಜಿನ ಬಾಟಲಿ ಮಾತ್ರ ಸಾಲದು.

ಗೋಣಿಕೊಪ್ಪ ಕುಕ್:
ಉಪ್ಪಿನಕಾಯಿಯ ದೊಡ್ಡ ಗಾಜಿನ ಬಾಟಲಿ ನಮ್ಮ ಹೋಟೆಲಿನಲ್ಲಿ ಬೇಕಾದಷ್ಟು ಖಾಲಿ ಬಿದ್ದಿದೆ. ತೊಳೆದು ಕಳುಹಿಸುತ್ತೇನೆ.

ಶನಿವಾರಸಂತೆ ಹುಡುಗ:
ಫಾರ್ಮಲಿನ್ ಮಕ್ಕಳ ಕೈಗೆ ಕೊಡಬೇಡಿ ಟೀಚರ್, ನೀವೇ ಹಾಕಿ, ಕಿಟಕಿ ತೆರೆದಿಡಿ. ಸ್ಪಿರಿಟ್ ಸಿಕ್ಕಿದರೆ ಅದೇ ವಾಸಿ. ಡಬ್ಬಿ ಬಂದ ಮೇಲೆ ಫೋಟೋ ಹಾಕಿ, ಯಾವುದು ಏನು ಅಂತ ಗುರುತಿಸಲು ನಾನು ಮತ್ತು ಮಡಿಕೇರಿಯವರು ನೋಡುತ್ತೇವೆ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಸ್ಕೇಲ್ ಇಡಿ, ಮೇಲಿನಿಂದ ಒಂದು, ಪಕ್ಕದಿಂದ ಒಂದು, ಕಚ್ಚೋ ಕಾಲು ಹತ್ತಿರದಿಂದ ಒಂದು.